ಮೂರು ಸಲ ಗಂಟೆ

ಉಪ್ಪುನೀರಿನ ಸೌತೆಕಾಯಿ ಜಾಡಿಗಳ ಹಿಂದೆ
ಕಪಾಟಿನ ಕೆಳಹಲಗೆಯಲ್ಲಿ ಕೂತಿದೆ ಆ ಕರಿಯ ಪೆಟ್ಟಿಗೆ.
ನಾಲ್ಕು ಟೆರಾಬೈಟು, ಎರಡು ಹಸಿರು ಕಣ್ಣು.
ಶುಕ್ರವಾರ ನಡುರಾತ್ರಿ ಮೂರು ಸಲ ಕೂಗಿತು.
ನಾನೆದ್ದು
ಬಾಗಿಲು ತೆರೆಯಲು ಹೋದೆ.

ಅರವತ್ತು ವರ್ಷದ ಅಭ್ಯಾಸ, ಎಲ್ಲಿ ಹೋದೀತು?
ಅವೋತು ಬೀದಿಯ ಆ ಮನೆಯಲ್ಲಿ
ಐದು ಸಂಸಾರಕ್ಕೆ ಒಂದೇ ಬಾಗಿಲು, ಒಂದೇ ಅಡುಗೆಮನೆ.
ಒಂದು ಸಲ ಹೊಡೆದರೆ ಜೆಲ್ಮಾ ಮುದುಕಿಗೆ,
ಎರಡು ಸಲವಾದರೆ ಅಕಾರ್ಡಿಯನ್ನಿನ ಓಸ್ವಾಲ್ಡ್ಸನಿಗೆ,
ಮೂರು ನಮಗೆ.

ಹೊಸ್ತಿಲಾಚೆ ಯಾರೂ ಇಲ್ಲ. ರೀಗಾದ ಜನವರಿ,
ಮೆಟ್ಟಿಲ ಮೇಲೆ ಯಾರದೋ ಬೂಟಿನಿಂದ ಕರಗಿದ ಹಿಮ.
ಪೆಟ್ಟಿಗೆ ಹೇಳುತ್ತಿದ್ದುದು ಇಷ್ಟೇ:
ಜಾಗವಿಲ್ಲ.

ನಿನ್ನ ಹಾಳು ಬ್ಯಾಕಪ್ಪು, ಎಂದೆ ಬೆಳಿಗ್ಗೆ ಮಗಳಿಗೆ.
ನಿನ್ನ ಹಾಳು ಸಿನಿಮಾ, ಎಂದಳು ಲಾಸ್ಮಾ, ಬ್ರೆಡ್ಡು ಕೊಯ್ಯುತ್ತ.
ಮೀನಿನ ಡಬ್ಬಿ ಕಾರ್ಖಾನೆಯ ಲೆಕ್ಕ ಅವಳದು.
ಅವಳ ಲ್ಯಾಪ್‌ಟಾಪು ಗಂಟೆಗೊಮ್ಮೆ
ತಾನು ಹೇಗಿದ್ದೆನೆಂದು ಪೆಟ್ಟಿಗೆಗೆ ಒಪ್ಪಿಸುತ್ತದೆ;
ನಿನ್ನೆಯ ತಪ್ಪು, ಮೊನ್ನೆಯ ತಪ್ಪು,
ತಿದ್ದಿದ ಮೇಲೂ ತಿದ್ದುವ ಮೊದಲಿನದು,
ಎಲ್ಲ ಹಗೇವಿಗೆ ಸುರಿದು ಮುಚ್ಚುತ್ತದೆ.

ಜೆಲ್ಮಾಳ ಜಾಮಿನ ಹಾಗೆ.
ಪ್ರತಿ ವರ್ಷ ಒಂದು ಜಾಡಿ, ಮೇಲೆ ಇಸವಿ,
ಮುಟ್ಟಿದರೆ ಬೆರಳ ಮೇಲೆ ಸೌಟು.
ನಮ್ಮ ಹಲಗೆಯತ್ತ ಅವು ಹೆಜ್ಜೆ ಹಾಕುತ್ತಿದ್ದವು.
ಅಮ್ಮ ಸೀಮೆಸುಣ್ಣದಲ್ಲಿ ಗೆರೆ ಎಳೆದಳು.
ಗೆರೆಯೂ ರಾತ್ರಿ ಹೊತ್ತು ನಡೆಯುತ್ತಿತ್ತು,
ತಿಂಗಳಿಗೆ ಒಂದು ಬೆರಳಗಲ.
(ಆದರೂ ಅಂಗಡಿಯಲ್ಲಿ ಸಕ್ಕರೆ ಸಿಗದ ಆ ಚಳಿಗಾಲ
ಐದೂ ಮನೆಯ ಮಕ್ಕಳು ಚಹಾ ಕುಡಿದದ್ದು
ಎಪ್ಪತ್ತೊಂದನೆಯ ಇಸವಿಯ ಪ್ಲಮ್ಮಿನಲ್ಲಿ.
ಇದನ್ನು ಮಗಳಿಗೆ ಹೇಳಲಿಲ್ಲ.
ವಾದದ ನಡುವೆ ಯಾರು ಹೇಳುತ್ತಾರೆ?)

ನನ್ನವು ಟೀವಿಯಿಂದ ಹಿಡಿದಿಟ್ಟ ಹಳೆಯ ಚಿತ್ರಗಳು.
ಟೇಪಿನಿಂದ ತಟ್ಟೆಗೆ, ತಟ್ಟೆಯಿಂದ ಪೆಟ್ಟಿಗೆಗೆ
ಮನೆ ಬದಲಿಸಿ ಬದಲಿಸಿ ಮಾಸಿದವು.
ಒಂದರಲ್ಲಿ ಪ್ರೇಮಿಗಳಿಬ್ಬರು ಸೇತುವೆ ಮೇಲೆ ಜಗಳವಾಡುವಾಗ
ಹಿಂದೆ ಒಂದು ಟ್ರಾಮು ಹಾದುಹೋಗುತ್ತದೆ,
ಹನ್ನೊಂದನೆಯ ನಂಬರು.
ಓಡಿಸುತ್ತಿರುವವನು ನಾನು.
ಎರಡು ಸೆಕೆಂಡು. ಟೋಪಿ ಮಾತ್ರ ಕಾಣುತ್ತದೆ.

ಭಾನುವಾರ ಪಾಲು ಮಾಡಲು ಕೂತೆವು.
ನಡುವೆ ಗೋಡೆಯಿಲ್ಲದ್ದೇ ತಪ್ಪು, ಎಂದಳು,
ಬ್ಯಾಕಪ್ಪಿಗೆ ಮಿತಿ ಹೇಳದಿದ್ದರೆ ತಳ ಕಾಣುವತನಕ ತಿನ್ನುತ್ತದೆ.
ಯಾವುದು ಎಷ್ಟು ತಿಂದಿದೆಯೆಂದು ಅವಳೇ ಬಗೆದು ನೋಡಿದಳು.
ಹತ್ತು ವರ್ಷದ ಮೀನಿನ ಲೆಕ್ಕ: ಒಂದು ಚಮಚೆ.
ಮಿಕ್ಕದ್ದು?

ಮಿಕ್ಕದ್ದು ನನ್ನ ಸಿನಿಮಾಗಳು.

ಸೋಮವಾರದ ರೈಲಿಗೆಂದು ಒಂದನ್ನು ಇಳಿಸಿಕೊಂಡಿದ್ದಾಳೆ,
ನೋಡಿದ್ದಾಳೆ, ಅಳಿಸಿದ್ದಾಳೆ.
ಅವಳ ಯಂತ್ರ ಅಳಿಸಿಲ್ಲ.
ಪ್ರತಿ ಸಲವೂ ಹೊಸದೆಂದೇ ಎಣಿಸಿ ಪೇರಿಸಿಟ್ಟಿದೆ:
ಟೋಪಿಯವನ ಚಿತ್ರ ಏಳು ಸಲ.
ಲಾಸ್ಮಾಳ ಕಿವಿ ಬೀಟ್‌ರೂಟಾಯಿತು.
"ಲಿಯೆಪಾಯದ ರೈಲು ಬಹಳ ನಿಧಾನ, ಅಪ್ಪ" ಎಂದಳು,
ರೈಲ್ವೆಯ ಮೇಲೆ ಹೊರಿಸಿ.

ಗೆರೆ ಎಳೆದೆವು. ಒಂದೂವರೆ ಅವಳಿಗೆ, ಎರಡೂವರೆ ನನಗೆ.
ಆರು ಅಳಿಸು, ಎಂದೆ. ಒಂದು ಇರಲಿ
ನಿನ್ನ ಕಡೆಯ ಹಲಗೆಯಲ್ಲಿ.
ಗೆರೆಯ ಈಚೆಗೂ ಆಚೆಗೂ ಅದೇ ಸೇತುವೆ ಈಗ,
ಅದೇ ಜಗಳ, ಅದೇ ಟ್ರಾಮು.

ಪೆಟ್ಟಿಗೆಯೇ ಕೆಟ್ಟರೆ ಎರಡೂ ಕಡೆ ಒಟ್ಟಿಗೇ ಹೋಗುತ್ತದೆ,
ಇನ್ನೊಂದು ತಂದು ಬೇರೆ ಮನೆಯಲ್ಲಿಡಬೇಕು, ಎನ್ನುತ್ತಾಳೆ.
ತರೋಣ, ಎನ್ನುತ್ತೇನೆ, ಪಿಂಚಣಿ ಬರಲಿ.
ಸೌತೆಕಾಯಿ ಜಾಡಿಗಳನ್ನು ತುಸು ಸರಿಸಿ
ಗಾಳಿಯಾಡಲು ಜಾಗ ಬಿಟ್ಟಿದ್ದೇನೆ.

ಆಮೇಲೆ ಅದು ಕೂಗಿಲ್ಲ.
ಆದರೂ ರಾತ್ರಿ ಎಚ್ಚರವಾದರೆ ಕತ್ತಲಲ್ಲಿ ಕಿವಿಗೊಟ್ಟು
ಎಣಿಸುತ್ತೇನೆ.
ಒಂದು.
ಎರಡು.